ಆಡಿದ್ದಕ್ಕೆ ಪುರಾವೆ

ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯನ್ನು ಮಗ ಇಳಿಸಿ ಕೊಟ್ಟಾಗಲೇ ಅದು ತೀರಾ ಹಗುರ ಅನ್ನಿಸಿತ್ತು. ಮುಚ್ಚಳ ತೆಗೆದೆ. ನನ್ನ ಕಬಡ್ಡಿಯ ಸರ್ಟಿಫಿಕೇಟುಗಳಿಗೆಲ್ಲ ಅಪ್ಪ ಶಿವಮೊಗ್ಗದ ಅಡಿಕೆ ಮಂಡಿಗೆ ಹೋದಾಗ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರು. ಪ್ಲಾಸ್ಟಿಕ್ಕು ಹಾಗೇ ಇತ್ತು. ಒಳಗೆ ಕಾಗದ ಇರಲಿಲ್ಲ. ಅಂಚು ಬಿಟ್ಟುಕೊಂಡಲ್ಲಿ ಒರಲೆ ಒಳಹೊಕ್ಕು, ಕಾಗದವನ್ನೆಲ್ಲ ತಿಂದು, ಅದರ ಜಾಗದಲ್ಲಿ ಕೆಮ್ಮಣ್ಣಿನ ಗೆರೆ ಗೆರೆಯಾಗಿ ದಾರಿ ಕಟ್ಟಿತ್ತು. ಒಂದರ ಮೂಲೆಯಲ್ಲಿ ಮಾತ್ರ ನೇರಳೆ ಬಣ್ಣದ ಸೀಲು ಅರ್ಧ ಉಳಿದಿತ್ತು. ಅದರಲ್ಲಿ ನನ್ನ ಹೆಸರಾಗಲೀ ಆಟದ ಹೆಸರಾಗಲೀ ಇರಲಿಲ್ಲ.

ಆ ಕಾಗದ ಆಗ ಅಗತ್ಯವಾಗಿ ಬೇಕಿತ್ತು. ಮೊಣಕಾಲಿನ ಆಪರೇಷನ್ನಿಗೆ ನೆರವು ಕೇಳಿ ಬರೆದ ಅರ್ಜಿಯ ಜೊತೆ ಮೂಲ ಪ್ರಮಾಣಪತ್ರ ತೋರಿಸಿ ಅಂದಿದ್ದರು. ಅದು 2021ರ ಮಳೆಗಾಲ.

ನಮ್ಮದು ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು. ಬೈಲಲ್ಲಿ ಅಡಿಕೆ, ಗುಡ್ಡದಲ್ಲಿ ರಬ್ಬರು. ಕೇರಳದಿಂದ ಬಂದು ನೆಲೆನಿಂತ ಮನೆಗಳು ಸುತ್ತಲೂ ಇವೆ. ಅವರ ಹುಡುಗರು ವಾಲಿಬಾಲ್ ಆಡುತ್ತಿದ್ದರು, ನಮ್ಮವರು ಕಬಡ್ಡಿ. ಹುಡುಗಿಯರು ಆಡುವುದೆಂದರೆ ಶಾಲೆಯಲ್ಲಿ ಥ್ರೋಬಾಲು, ಅಷ್ಟೇ. ನನಗೆ ಹದಿನಾಲ್ಕು ವರ್ಷವಿದ್ದಾಗ, 1989ರಲ್ಲಿ, ಪಕ್ಕದ ಊರಿನ ಒಬ್ಬ ಅಕ್ಕ ನಮ್ಮನ್ನು ಏಳೆಂಟು ಜನ ಹುಡುಗಿಯರನ್ನು ಸೇರಿಸಿಕೊಂಡು ಕೊಯ್ಲಾದ ಗದ್ದೆಯಲ್ಲಿ ಕಬಡ್ಡಿ ಹೇಳಿಕೊಡಲು ಶುರುಮಾಡಿದಳು. ಕೂಳೆ ಕಿತ್ತು, ನೀರು ಹೊಡೆದು, ಬಡಿದು, ಸಗಣಿ ಸಾರಿಸಿ ಕಣ ಮಾಡಿದ ಹಾಗೇ ಅಂಕಣ ಮಾಡಿದೆವು. ಗೆರೆಗೆ ಒಲೆಯ ಬೂದಿ. ಅಕ್ಕನಿಗೆ ಆಗ ಇಪ್ಪತ್ತೈದು. ಎದುರಿನವಳ ಕಣ್ಣನ್ನೇ ನೋಡುತ್ತಾ ಕಾಲಿನ ಹೆಬ್ಬೆರಳನ್ನು ಚಾಚಿ ಮುಟ್ಟುವುದು ಹೇಗೆಂದು ಅವಳು ನೂರು ಸಲ ತೋರಿಸಿದ್ದಾಳೆ. "ಕಾಲು ನೋಡಬೇಡ ಕಣೇ, ಕಾಲಿಗೆ ಅದರ ಕೆಲಸ ಗೊತ್ತು" ಅನ್ನುತ್ತಿದ್ದಳು.

ಅಲ್ಲಿಂದ ತಾಲ್ಲೂಕು, ಜಿಲ್ಲೆ, ಮೈಸೂರಿನ ದಸರಾ ಕ್ರೀಡಾಕೂಟ, ಆಮೇಲೆ ಕಾಲೇಜು, ವಿಶ್ವವಿದ್ಯಾಲಯದ ತಂಡ. ಬೆಳಿಗ್ಗೆ ಕೊಪ್ಪದ ಸಹಕಾರ ಸಾರಿಗೆ ಬಸ್ಸು ಹತ್ತಿ ಅಭ್ಯಾಸಕ್ಕೆ ಹೋಗುತ್ತಿದ್ದೆ. ಕೆಲಸ ಕಳೆದುಕೊಂಡ ನೌಕರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಕಂಡಕ್ಟರಣ್ಣ ನನ್ನ ಚೀಲ ನೋಡಿ "ಇವತ್ತು ಯಾರನ್ನು ಔಟ್ ಮಾಡ್ತಿ ಮಾರಾಯ್ತಿ" ಅಂತ ಕೇಳದೆ ಟಿಕೆಟ್ ಕೊಟ್ಟವರಲ್ಲ. ಆ ಬಸ್ಸುಗಳೂ 2020ರಲ್ಲಿ ನಿಂತುಹೋದವು.

1995ರಲ್ಲಿ ನಾವು ಗೆದ್ದು ಬಂದಾಗ ಊರಿನವರು ಜೀಪಿಗೆ ಬಾಳೆಕಂದು ಕಟ್ಟಿ ನನ್ನನ್ನು ನಿಲ್ಲಿಸಿಕೊಂಡು ಮೆರವಣಿಗೆ ಮಾಡಿದರು. ಅಬ್ಬಲಿಗೆ ಹಾರ ಕುತ್ತಿಗೆಗೆ ಬಿಗಿಯುವಷ್ಟು ಬಿದ್ದಿತ್ತು. ಬಸ್ ನಿಲ್ದಾಣದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನನ್ನ ಹೆಸರು ಬರೆದು ಕೆಳಗೆ "ನಮ್ಮೂರ ಹೆಮ್ಮೆ" ಅಂತ ಬರೆಸಿದರು. ಅಪ್ಪ ಅಡಿಕೆ ಮೂಟೆ ಇಳಿಸುವ ನೆವದಲ್ಲಿ ಅಲ್ಲಿ ನಿಂತು ಆ ಗೋಡೆ ನೋಡುತ್ತಿದ್ದದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ಮಾರನೇ ವರ್ಷ, 1996ರ ಗಣಪತಿ ಹಬ್ಬದ ಟೂರ್ನಿಯಲ್ಲಿ ನನ್ನ ಕಾಲು ಹೋಯಿತು. ಘಟ್ಟದ ಕೆಳಗಿನ ಕಾರ್ಕಳ ಕಡೆಯ ತಂಡ. ನಾನು ರೈಡಿಗೆ ಹೋಗಿದ್ದೆ. ಎಡ ಮೂಲೆಯವಳು ಕಣಕಾಲು ಹಿಡಿದಳು. ನಾನು ಗೆರೆಯ ಕಡೆಗೆ ಮೈ ತಿರುಗಿಸಿದೆ. ಪಾದ ಅವಳ ಕೈಯಲ್ಲೇ ಉಳಿಯಿತು, ಮೈ ತಿರುಗಿತು, ನಡುವೆ ಸಿಕ್ಕಿದ್ದು ಮೊಣಕಾಲು. ಒಣಗಿದ ಅಡಿಕೆ ಹಾಳೆ ಮುರಿದ ಹಾಗೆ ಟಪ್ ಅಂತ ಸದ್ದಾಯಿತು. ಸುತ್ತ ಸಾವಿರ ಜನ ಕೂಗುತ್ತಿದ್ದರೂ ಆ ಸದ್ದು ನನಗೆ ಕೇಳಿಸಿತು. ಜನ ಇನ್ನೂ ಕೂಗುತ್ತಲೇ ಇದ್ದರು, ಯಾಕೆಂದರೆ ನನ್ನ ಕೈ ಗೆರೆ ಮುಟ್ಟಿತ್ತು. ನಮಗೆ ಒಂದು ಅಂಕ ಬಂತು.

ನಾಟಿ ವೈದ್ಯರು ಮೊಟ್ಟೆಯ ಬಿಳಿ, ಸೊಪ್ಪಿನ ರಸ ಹಾಕಿ ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಮುರಿದಿಲ್ಲ, ಉಳುಕು ಅಂದರು. ಮೂಳೆ ಮುರಿಯದಿದ್ದದ್ದು ನಿಜ. ಮೊಣಕಾಲಿನೊಳಗೆ ಎರಡು ಎಲುಬನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಅದು ಗೊತ್ತಾದದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ. ಆರು ತಿಂಗಳಿಗೆ ಊತ ಇಳಿಯಿತು, ನಡೆಯುತ್ತಿದ್ದೆ. ಆದರೆ ಇಳಿಜಾರಿನಲ್ಲಿ ಮೊಣಕಾಲು ಇದ್ದಕ್ಕಿದ್ದಂತೆ ಕಳಚಿಕೊಂಡ ಹಾಗಾಗಿ ಕುಸಿಯುತ್ತಿತ್ತು. ಮದುವೆಯ ಮಾತು ಬಂದಾಗ ಅಮ್ಮ ಹೇಳಿದಳು, ಕಾಲಿನ ವಿಷಯ ಎತ್ತಬೇಡ, ಆಟದ ವಿಷಯವನ್ನೂ ಎತ್ತಬೇಡ. ಎರಡನ್ನೂ ಎತ್ತಲಿಲ್ಲ. ನಾನು ಆಡುತ್ತಿದ್ದೆ ಅನ್ನುವುದು ನನ್ನ ಗಂಡನಿಗೆ ಗೊತ್ತಾದದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ, ಅದೂ ಬಸ್ಸಿನಲ್ಲಿ ಸಿಕ್ಕ ಯಾರೋ ಹೇಳಿ. ಅವರು ಬೇಸರ ಮಾಡಲಿಲ್ಲ. "ಹೇಳಬಹುದಿತ್ತಲ್ಲ" ಅಂದರು, ಅಷ್ಟೇ.

ಗೋಡೆಯ ಮೇಲಿನ ಹೆಸರಿಗೆ ಮೂರೋ ನಾಲ್ಕೋ ವರ್ಷಕ್ಕೆ ಸುಣ್ಣ ಬಿತ್ತು. ಕೆಲವು ಮಳೆಗಾಲ ಸುಣ್ಣದಡಿಯಿಂದ ನೀಲಿ ಬಣ್ಣ ಮಸುಕಾಗಿ ಕಾಣಿಸುತ್ತಿತ್ತು. ಆಮೇಲೆ ಆ ನಿಲ್ದಾಣವನ್ನೇ ಕೆಡವಿ ಹೊಸದು ಕಟ್ಟಿದರು. ಅದಕ್ಕೆ ನನಗೆ ಸಿಟ್ಟು ಬಂದಿಲ್ಲ. ಕಟ್ಟಡ ಹಳೆಯದಾದರೆ ಕೆಡವಲೇಬೇಕು.

2019ರ ಆಗಸ್ಟಿನ ಮಳೆ ಮಲೆನಾಡಿನವರು ಯಾರೂ ಮರೆಯುವ ಹಾಗಿಲ್ಲ. ಆ ವಾರ ತೋಟದ ಕಾಲುವೆ ಕಟ್ಟಿಕೊಂಡಿತ್ತು. ಬಿಡಿಸಲು ಹೋದವಳು ಜಾರಿದೆ. ಮೊಣಕಾಲು ಪಕ್ಕಕ್ಕೆ ತಿರುಗಿತು. ಅವತ್ತು ಮನೆ ತನಕ, ತೋಟದ ಏರಿನುದ್ದಕ್ಕೂ, ಕುಳಿತುಕೊಂಡೇ ಹಿಂದಕ್ಕೆ ತೆವಳಿ ಬಂದೆ. ಅಲ್ಲಿಂದ ಮೂರು ವರ್ಷ ನಾನು ಬದುಕಿದ ರೀತಿಯನ್ನು ಇದ್ದ ಹಾಗೇ ಹೇಳುತ್ತೇನೆ. ನೆಲದಲ್ಲಿ ಕೂರಲಾರೆ, ಕೂತರೆ ಏಳಲಾರೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವಳು ಸುಗ್ಗಿಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಬರೀ ನೋಡುತ್ತಿದ್ದೆ. ಕಕ್ಕಸಿನಲ್ಲಿ ಕೂರಲಾಗದೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ಗಂಡ ತೂತು ಕೊರೆದು ಕೊಟ್ಟರು. ರಾತ್ರಿ ಮಗ್ಗುಲು ಬದಲಿಸುವಾಗ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇಡಬೇಕು. ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲೂ ಇಳಿದಿತ್ತು, ಕೆಲಸದವರೂ ಸಿಗುತ್ತಿರಲಿಲ್ಲ. ಆ ಹೊತ್ತಿನಲ್ಲೇ ಕೊರೊನಾ. ಸ್ಕ್ಯಾನಿಂಗಿಗೆ ಶಿವಮೊಗ್ಗಕ್ಕೆ ಹೋಗಲು ಒಂದೂವರೆ ವರ್ಷ ಆಯಿತು.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಯಾವಾಗ ಬಿದ್ರಿ?" ಅಂತ ಕೇಳಿದರು. ಎರಡು ವರ್ಷದ ಕೆಳಗೆ ಅಂದೆ. "ಅಲ್ಲ, ಮೊದಲ ಸಲ" ಅಂದರು. ಲಿಗಮೆಂಟ್ ಇಲ್ಲದ ಮೊಣಕಾಲು ಇಪ್ಪತ್ತೈದು ವರ್ಷ ಅಲ್ಲಾಡಿ ಅಲ್ಲಾಡಿ, ನಡುವಿನ ಮೆತ್ತೆ ಹರಿದು, ಮೃದ್ವಸ್ಥಿ ಸವೆದು, ಎಲುಬಿಗೆ ಎಲುಬು ತಾಗುತ್ತಿತ್ತು. ಕೀಲನ್ನೇ ಬದಲಿಸಬೇಕು, ಎರಡು ಲಕ್ಷದ ಮೇಲಾಗುತ್ತದೆ. ಕಬಡ್ಡಿ ಆಡ್ತಿದ್ದೆ ಅಂದೆ. ಅವರು ತಲೆ ಎತ್ತಿ ನನ್ನನ್ನು ಸರಿಯಾಗಿ ನೋಡಿದ್ದು ಆಗಲೇ.

ನೆರವು ಅಂತ ಒಂದಿದೆ ಅನ್ನುವುದು ನನಗೆ ತಿಳಿದದ್ದು ಇನ್ನೊಬ್ಬಳ ದುಃಖದಿಂದ. ನಮ್ಮ ರಾಜ್ಯದ ತೇಜಸ್ವಿನಿ ಬಾಯಿ 2010ರ ಗುವಾಂಗ್‌ಝೌ, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿದ್ದವಳು, 2011ರ ಅರ್ಜುನ ಪ್ರಶಸ್ತಿ ಪಡೆದವಳು. 2021ರ ಮೇ ತಿಂಗಳಲ್ಲಿ ಅವಳಿಗೂ ಗಂಡನಿಗೂ ಕೊರೊನಾ ಬಂತು, ಗಂಡ ತೀರಿಕೊಂಡರು. ಕ್ರೀಡಾಪಟುಗಳ ರಾಷ್ಟ್ರೀಯ ಕಲ್ಯಾಣ ನಿಧಿಯಿಂದ ಎರಡು ಲಕ್ಷ ಮಂಜೂರಾಯಿತು ಅಂತ ಸುದ್ದಿ ಬಂತು. 1982ರಿಂದ ಇರುವ ನಿಧಿ ಅದು, ನಾನು ಹೆಸರೂ ಕೇಳಿರಲಿಲ್ಲ. ಸುದ್ದಿ ಓದುವಾಗ ನನಗೆ ಹಣದ ವಿಷಯಕ್ಕಿಂತ ಮೊದಲು ಇನ್ನೊಂದು ಹೊಳೆದು ಸಂಕಟವಾಯಿತು. ಎರಡು ಏಷ್ಯನ್ ಚಿನ್ನದವಳು ಹೇಗಿದ್ದಾಳೆ ಅಂತ ಅವಳ ಗಂಡ ಸಾಯುವವರೆಗೆ ನಾವು ಯಾರೂ ಕೇಳಿರಲಿಲ್ಲ. ಅದೇ ದಿನಗಳಲ್ಲಿ ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ, 2017ರ ಲಾರ್ಡ್ಸ್ ಫೈನಲ್ ಆಡಿದವಳು, ಎರಡು ವಾರದೊಳಗೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡಳು. ಅದೇ ಮೇ ತಿಂಗಳಲ್ಲಿ ಪ್ರಕಟವಾದ ಕ್ರಿಕೆಟ್ ಮಂಡಳಿಯ ಗುತ್ತಿಗೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಅಷ್ಟು ದೊಡ್ಡವರ ಪಾಡೇ ಹೀಗಿರುವಾಗ ನನ್ನಂಥವಳು ಕೇಳುವುದೇನು ಅಂತ ಹಿಂಜರಿದೆ. ಪೈಲ್ವಾನರಿಗೆ ಮಾಸಾಶನ ಬರುತ್ತದಲ್ಲ, ಕೇಳುವುದರಲ್ಲಿ ತಪ್ಪೇನು ಅಂತ ಮಗ ಒತ್ತಾಯ ಮಾಡಿದ. ಅರ್ಜಿ ಬರೆದೆವು. ಒಂದು ಕಚೇರಿಗೆ ನಾಲ್ಕು ಸಲ ಹೋದೆ, ಬಾಡಿಗೆ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿಕೊಂಡು. ಮೆಟ್ಟಿಲು ಹತ್ತಲಾಗದೆ ಎರಡು ಸಲ ಕೆಳಗೇ ಕೂತಿದ್ದೆ, ಮಗ ಹೋಗಿ ಬಂದ. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ. ಒಬ್ಬ ಹುಡುಗ ಕುರ್ಚಿ ಕೊಟ್ಟ, ನೀರು ಕೊಟ್ಟ. ಹಳೆಯ ದಾಖಲೆ ಇಲ್ಲಿ ಉಳಿದಿಲ್ಲ, ನೀವೇ ತರಬೇಕು ಅಂದ. ಆಮೇಲೆ ತೀರಾ ಸಹಜವಾಗಿ, ತಿಳಿದುಕೊಳ್ಳಬೇಕು ಅಂತಲೇ ಕೇಳಿದ: "ಆಗ ಹೆಂಗಸರ ಕಬಡ್ಡಿನೂ ಇತ್ತಾ ಮೇಡಂ?"

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು. ಅವನ ತಪ್ಪೇನೂ ಇಲ್ಲ. ಏಷ್ಯನ್ ಗೇಮ್ಸಿನಲ್ಲಿ ಗಂಡಸರ ಕಬಡ್ಡಿ 1990ರಿಂದ ಇದೆ, ಹೆಂಗಸರದ್ದು ಸೇರಿದ್ದು 2010ರಲ್ಲಿ. ನಾವು ಆಡಿದ ಕಾಲದಲ್ಲಿ ನಮಗೆ ಹೋಗಲು ಏಷ್ಯಾ ಅಂತ ಒಂದು ಇರಲೇ ಇಲ್ಲ. ಶೃಂಗೇರಿ, ಕೆರೆಕಟ್ಟೆ ದಾಟಿ ಘಟ್ಟ ಇಳಿದರೆ ಕಾರ್ಕಳ ತಾಲ್ಲೂಕು. ಆ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಮೊಟ್ಟಮೊದಲ ಮಹಿಳಾ ವಿಶ್ವಕಪ್ ಎತ್ತಿದ ತಂಡದ ನಾಯಕಿ. ಇರಾನನ್ನು 25-19ರಲ್ಲಿ ಸೋಲಿಸಿದ್ದರು. ಆ ವಾರ ನಮ್ಮ ಕೇರಿಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ನಮ್ಮೂರ ಹುಡುಗರು ರೈಡರುಗಳ ಹೆಸರನ್ನು ಮಂತ್ರದ ಹಾಗೆ ಹೇಳುತ್ತಾರೆ, ಹರಾಜಿನ ಬೆಲೆ ಸಮೇತ. ಅದೇ ವರ್ಷ ಮಮತಾಗೆ ಅರ್ಜುನ ಪ್ರಶಸ್ತಿ ಬಂದಿತ್ತು. ಒಬ್ಬ ಹುಡುಗನನ್ನು ಕೇಳಿದೆ, ಅವನಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅರವತ್ತರ ದಶಕದಲ್ಲಿ ಮೈಸೂರು ರಾಜ್ಯದ ಹಾಕಿ ತಂಡ ನಡೆಸಿ ವರ್ಷ ವರ್ಷ ರಾಷ್ಟ್ರೀಯ ಕಿರೀಟ ತಂದವರು, 1965ರಲ್ಲೇ ಅರ್ಜುನ ಪ್ರಶಸ್ತಿ ಪಡೆದವರು. ಅವರ ಹೆಸರನ್ನು ನಾನೇ ಮೊದಲ ಸಲ ಓದಿದ್ದು 2022ರಲ್ಲಿ, ಅವರು ತೀರಿಕೊಂಡ ಸುದ್ದಿಯಲ್ಲಿ. ಹಾಗಾಗಿ ಜನರನ್ನು ದೂರುವಾಗ ನಾನೂ ಆ ಜನರಲ್ಲಿ ಒಬ್ಬಳು ಅನ್ನುವುದನ್ನು ಬಿಟ್ಟು ಮಾತಾಡಲಾರೆ.

ಕಾಗದ ಇಲ್ಲ. ಆಡಿದವಳು ನಾನೇ ಅಂತ ಹೇಳಬಲ್ಲವರು ಯಾರು? ಊರಿನಲ್ಲಿ ಕೇಳಿಕೊಂಡು ಬಂದೆ. ಜೀಪಿಗೆ ಬಾಳೆಕಂದು ಕಟ್ಟಿದವರಲ್ಲಿ ಇಬ್ಬರು ಇಲ್ಲ. ಇನ್ನೊಬ್ಬರು "ಓಹೋ, ವಾಲಿಬಾಲ್ ಅಲ್ವಾ" ಅಂದರು. ಹಾರ ಹಾಕಿದವರೊಬ್ಬರು ಮೆರವಣಿಗೆ ಚೆನ್ನಾಗಿ ನೆನಪಿದೆ, ಯಾರದ್ದು ಅಂತ ಮರೆತಿದೆ ಅಂದರು. ನಾನು ಅದನ್ನು ತಪ್ಪು ತಿಳಿಯಲಿಲ್ಲ. ನೋಡಿದವರಿಗೆ ಅದು ಒಂದು ಸಂಜೆಯ ಸಂಭ್ರಮ. ಮರುದಿನ ಅವರಿಗೆ ತೋಟ, ಗೊಬ್ಬರ, ಮಕ್ಕಳ ಫೀಸು.

ಕೊನೆಗೆ ಮಗ ಹಳೆಯ ಆಟಗಾರ್ತಿಯರ ವಾಟ್ಸಾಪ್ ಗುಂಪೊಂದನ್ನು ಹುಡುಕಿ ನನ್ನ ನಂಬರ್ ಹಾಕಿಸಿದ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಒಂದು ಫೋನ್ ಬಂತು. ಘಟ್ಟದ ಕೆಳಗಿನ ಮಾತು. "ನೀನು ಎಡಗಾಲು ಮುಂದಿಟ್ಟು ಬರ್ತಿದ್ದವಳಲ್ವಾ? ನಂಬರು ಎಂಟು? ನಾನು ನಿನ್ನ ಕಾಲು ಹಿಡಿದವಳು ಮಾರಾಯ್ತಿ."

ನನಗೆ ಮಾತು ಹೊರಡಲಿಲ್ಲ. ಅವಳೇ ಹೇಳುತ್ತಾ ಹೋದಳು. ನಾನು ಬಲಕ್ಕೆ ನೋಡಿ ಎಡಕ್ಕೆ ಒದೆಯುತ್ತಿದ್ದದ್ದು, ಬೋನಸ್ ಗೆರೆಯ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದದ್ದು, ಉಸಿರು ಕಟ್ಟುವಾಗ ದನಿ ಸಣ್ಣಗಾಗುತ್ತಿದ್ದದ್ದು. ನನ್ನ ಆಟವನ್ನು ನನಗಿಂತ ಚೆನ್ನಾಗಿ ಅವಳು ಇಟ್ಟುಕೊಂಡಿದ್ದಳು. ಹಿಂದಿನ ಮೂರು ಪಂದ್ಯದಲ್ಲಿ ನಾನು ಅವಳನ್ನು ಔಟ್ ಮಾಡಿದ್ದೆನಂತೆ. ಅದಕ್ಕೇ ಅವತ್ತು ಬಿಡಲೇಬಾರದು ಅಂತ ಹಿಡಿದದ್ದು. "ಆ ಸದ್ದು ನನ್ನ ಕೈಗೆ ಗೊತ್ತಾಯ್ತು. ಇಷ್ಟು ವರ್ಷ ಯಾರ ಹತ್ರವೂ ಹೇಳಲಿಲ್ಲ. ನೀನು ಆಮೇಲೆ ಆಡಲಿಲ್ಲ ಅಂತ ಕೇಳಿದೆ. ನನಗೂ ಆಡ್ಲಿಕ್ಕೆ ಮನಸ್ಸಾಗಲಿಲ್ಲ." ಅತ್ತಳು. ನಾನೂ ಅತ್ತೆ. ಆಟದಲ್ಲಿ ಹಿಡಿಯುವುದು ನಿನ್ನ ಕೆಲಸ ಆಗಿತ್ತು ಕಣೇ ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಾನು ಇವತ್ತಿಗೂ ಹಾಗೇ ನಂಬಿದ್ದೇನೆ.

ಅವಳ ಹತ್ತಿರ ಒಂದು ಫೋಟೊ ಇತ್ತು. ಎರಡೂ ತಂಡ ಸೇರಿ ಪಂದ್ಯಕ್ಕೆ ಮುಂಚೆ ತೆಗೆಸಿದ್ದು, ಹಿಂದೆ ಬಾಲ್‌ಪೆನ್ನಿನಲ್ಲಿ ಎಲ್ಲರ ಹೆಸರು. ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಅರ್ಜಿಗೆ ಲಗತ್ತಿಸಿದೆವು. ಫೋಟೊ ಪ್ರಮಾಣಪತ್ರವಾಗುವುದಿಲ್ಲ ಅಂತ ಉತ್ತರ ಬಂತು. ನೆರವು ಸಿಗಲಿಲ್ಲ. ಬಳೆ ಮತ್ತು ಸರ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ತೆಗೆದು 2022ರಲ್ಲಿ ಆಪರೇಷನ್ ಮಾಡಿಸಿದೆವು. ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು ಮೊಣಕಾಲನ್ನು ಹಾಸಿಗೆಗೆ ಒತ್ತುವುದು, ಗೋಡೆ ಹಿಡಿದು ಬಗ್ಗಿಸುವುದು, ದಿನಕ್ಕೆ ನಾಲ್ಕು ಸಲ. ತೊಂಬತ್ತು ಡಿಗ್ರಿ ಬಗ್ಗಿದ ದಿನ ಘಟ್ಟದ ಕೆಳಗೆ ಫೋನ್ ಮಾಡಿ ಹೇಳಿದೆ. ಈಗ ತೋಟದ ಏರು ಹತ್ತುತ್ತೇನೆ. ಚಕ್ಕಳಮಕ್ಕಳ ಹಾಕುವಂತಿಲ್ಲ, ಉಳಿದದ್ದು ಆಗುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ರಾಜ್ಯದ ಎಂ.ಕೆ. ಗೌತಮ್, ಬಿ. ಚೈತ್ರಾ ಇಬ್ಬರೂ ಐದು ಲಕ್ಷದ ಬಹುಮಾನ ಬೇಡ ಅಂದಾಗ ಜನ ಅವರಿಗೆ ದುರಾಸೆ ಅಂದದ್ದನ್ನು ಕೇಳಿದೆ. ಮಹಾರಾಷ್ಟ್ರದಲ್ಲಿ ಅದೇ ಗೆಲುವಿಗೆ ಎರಡೂಕಾಲು ಕೋಟಿ ಮತ್ತು ಸರ್ಕಾರಿ ಕೆಲಸ. ನನಗೆ ಅದು ದುರಾಸೆ ಅನ್ನಿಸಲಿಲ್ಲ. ಜನ ಹೆಸರು ಹೇಳುತ್ತಿರುವ ವಾರದಲ್ಲೇ ಕೇಳಬೇಕು, ಆಮೇಲೆ ಕೇಳಲು ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದೇ ವರ್ಷ ನವೆಂಬರಿನಲ್ಲಿ ಢಾಕಾದಲ್ಲಿ ನಮ್ಮ ಹೆಣ್ಣುಮಕ್ಕಳು ಮತ್ತೆ ಕಬಡ್ಡಿ ವಿಶ್ವಕಪ್ ಗೆದ್ದರು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹದಿಮೂರು ವರ್ಷ. ಈ ಸಲ ನಾನು ಫೋನಿನಲ್ಲಿ ಇಡೀ ಫೈನಲ್ ನೋಡಿದೆ, ಒಬ್ಬೊಬ್ಬರ ಹೆಸರನ್ನೂ ಮಗಳ ನೋಟುಬುಕ್ಕಿನಲ್ಲಿ ಬರೆದಿಟ್ಟೆ.

ಬರೆಯುವಾಗಲೇ ಅಕ್ಕ ನೆನಪಾದದ್ದು. ಗದ್ದೆಯಲ್ಲಿ ಬೂದಿ ಗೆರೆ ಎಳೆದವಳು. ನನ್ನ ಮೆರವಣಿಗೆಯ ದಿನ ಅವಳು ಎಲ್ಲಿದ್ದಳು? ಅವಳು ಜೀಪಿನ ಹತ್ತಿರ ಇದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ನೋಡಲೇ ಇಲ್ಲ. ಮದುವೆಯಾದ ಮೇಲೆ ಒಂದು ದಿನವೂ ವಿಚಾರಿಸಿರಲಿಲ್ಲ. ನನ್ನನ್ನು ಮರೆತರು ಅಂತ ಎರಡು ಸಲ ಕಚೇರಿಯ ಮೆಟ್ಟಿಲ ಕೆಳಗೆ ಕೂತು ಕೊರಗಿದವಳು ನಾನೇ. ಅವಳ ಮನೆ ನಮ್ಮಲ್ಲಿಂದ ಆರು ಕಿಲೋಮೀಟರ್.

ಡಿಸೆಂಬರಿನಲ್ಲಿ ಆಟೊ ಮಾಡಿಕೊಂಡು ಹೋದೆ. ಅಂಗಳದಲ್ಲಿ ಚಪ್ಪರದಡಿ ಅಡಿಕೆ ಸುಲಿಯುತ್ತಿದ್ದಳು. ಅರವತ್ತು ದಾಟಿದೆ, ಬೆನ್ನು ಸ್ವಲ್ಪ ಬಾಗಿದೆ. ನಾನು ಅಂಗಳದ ಅಂಚಿನಲ್ಲಿ ನಿಂತು ಹೆಸರು ಹೇಳುವ ಮೊದಲೇ ನನ್ನ ನಡಿಗೆ ನೋಡಿ ಕೇಳಿದಳು, "ಯಾವ ಕಾಲೇ ಅದು?"

ತೋರಿಸಿದೆ. ಸೀರೆ ಸರಿಸಿ ಹೊಲಿಗೆಯ ಗುರುತಿನ ಮೇಲೆ ಕೈ ಆಡಿಸಿದಳು. ಅಡಿಕೆ ಸಿಪ್ಪೆಯ ಒಗರಿಗೆ ಕಪ್ಪಾದ ಬೆರಳು. ಬೈಯಲಿಲ್ಲ, ಇಷ್ಟು ದಿನ ಯಾಕೆ ಬರಲಿಲ್ಲ ಅಂತಲೂ ಕೇಳಲಿಲ್ಲ. ಸೊಸೆಯನ್ನು ಕರೆದು ಮಜ್ಜಿಗೆ ತರಲು ಹೇಳಿದಳು. ಸೊಸೆ ಒಂದು ಸ್ಟೀಲಿನ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದು ಲೋಟಕ್ಕೆ ಬಗ್ಗಿಸಿದಳು. ಚೊಂಬಿನ ಕಂಠದ ಕೆಳಗೆ, ಪಾತ್ರೆ ಅಂಗಡಿಯಲ್ಲಿ ಮಿಷನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಕೆತ್ತಿಸುತ್ತಾರಲ್ಲ, ಹಾಗೆ ಕೆತ್ತಿದ ಅಕ್ಷರ. ಬೂದಿ ಹಾಕಿ ತಿಕ್ಕಿ ತಿಕ್ಕಿ ಕೆಲವು ಚುಕ್ಕಿ ತುಂಬಿಹೋಗಿದ್ದವು. ಏನದು ಅಂತ ಸೊಸೆಯನ್ನು ಕೇಳಿದೆ. ಅವಳು ಚೊಂಬನ್ನು ತಿರುಗಿಸಿ ನೋಡಿ, "ಗೊತ್ತಿಲ್ಲ ಚಿಕ್ಕಮ್ಮ, ಬಂದಾಗಿಂದ ಇದೆ" ಅಂದಳು.

ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಮಹಿಳಾ ಕಬಡ್ಡಿ. ಪ್ರಥಮ. 1983. ಅದರ ಪಕ್ಕ ಅಕ್ಕನ ಹೆಸರು.